ಹಲಾಲ್ ಕೇಳುತ್ತೇವೆ, ತಯ್ಯಿಬ್ ಯಾಕೆ ಕೇಳುವುದಿಲ್ಲ?

ಮೊನ್ನೆ ಸಂಬಂಧಿಕರ ಒಂದು ಮದುವೆಯಲ್ಲಿ ಊಟ ಮುಗಿಸಿ ಹಾಲ್‌ನ ಹಿಂದೆ ಕೈ ತೊಳೆಯಲು ಹೋಗಿದ್ದೆ. ಒಳಗೆ ಮೇಜಿನ ಮೇಲೆ ಬಿರಿಯಾನಿ, ಗೀ ರೈಸ್, ಮಟನ್, ಎರಡು ಬಗೆಯ ಕೋಳಿ, ಬೀಫ್ ಫ್ರೈ, ಸಿಗಡಿ. ಅದು ಸಾಲದು ಎಂದು ಪುಡ್ಡಿಂಗ್, ಐಸ್‌ಕ್ರೀಂ. ಹೊರಗೆ ಇಬ್ಬರು ಹುಡುಗರು ತಟ್ಟೆಗಳಲ್ಲಿ ಉಳಿದದ್ದನ್ನು ಡ್ರಮ್ಮಿಗೆ ಸುರಿಯುತ್ತಿದ್ದರು. ಮೂರು ಡ್ರಮ್ ತುಂಬಿತ್ತು, ನಾಲ್ಕನೆಯದು ಅರ್ಧ ಆಗಿತ್ತು. ಅಲ್ಲೇ ಗೋಡೆಯ ಮರೆಯಲ್ಲಿ ನಮ್ಮ ಮಾಮ ಎರಡನೇ ಪಂಕ್ತಿಗೆ ಕೂರುವ ಮೊದಲು ಇನ್ಸುಲಿನ್ ಪೆನ್ ಚುಚ್ಚಿಕೊಳ್ಳುತ್ತಿದ್ದರು. ನನ್ನನ್ನು ನೋಡಿ, "ಇನ್ನು ಧೈರ್ಯವಾಗಿ ತಿನ್ನಬಹುದು" ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು.

ನಾವು ಬ್ಯಾರಿಗಳು ಆಹಾರದ ವಿಷಯದಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತೇವೆ: ಇದು ಹಲಾಲಾ? ಊರು ಬಿಟ್ಟು ಊರಿಗೆ ಹೋದರೂ, ಗಲ್ಫಿಗೆ ಹೋದರೂ, ರೈಲಿನಲ್ಲಿ ಹಸಿದು ಕೂತರೂ ಕೇಳುತ್ತೇವೆ. ಒಳ್ಳೆಯದೇ. ಆದರೆ ಕುರ್‌ಆನ್ ಆಹಾರದ ಮಾತು ಆಡುವಾಗ ಹಲಾಲ್ ಎಂಬ ಪದದ ಪಕ್ಕದಲ್ಲೇ ಇನ್ನೊಂದು ಪದವನ್ನೂ ಇಟ್ಟಿದೆ: ತಯ್ಯಿಬ್. ಶುದ್ಧವಾದದ್ದು, ಒಳ್ಳೆಯದು, ದೇಹಕ್ಕೆ ಹಿತವಾದದ್ದು. ಆ ಎರಡನೇ ಪದವನ್ನು ನಾವು ಎಲ್ಲಿ ಬಿಟ್ಟು ಬಂದೆವು? ಕೋಳಿಯನ್ನು ಯಾರು ಕೊಯ್ದರು ಎಂದು ಕೇಳುವ ನಾವು, ಅದಕ್ಕೆ ಏನು ತಿನ್ನಿಸಿ ಬೆಳೆಸಿದರು ಎಂದು ಕೇಳಿದ್ದೇವೆಯೇ? ಮನುಷ್ಯರಿಗೆ ಕೊನೆಯ ಆಸರೆಯಾಗಿ ಕೊಡುವ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕನ್ನು ಕೋಳಿ, ಜಾನುವಾರುಗಳಿಗೆ ಕೊಡಬಾರದೆಂದು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಬೇಕಾಯಿತು. ನಿಷೇಧ ಬರುವವರೆಗೆ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಈ ಮಾತು ಎತ್ತಿದರೆ ಒಂದು ಅನುಮಾನ ಬರುತ್ತದೆ ಎಂದು ಗೊತ್ತು. "ಹವಾಮಾನ, ಪರಿಸರ ಅಂತ ಹೇಳಿ ನಮ್ಮ ಎರ್ಚಿಗೆ ಕೈ ಹಾಕಲು ಬರುತ್ತಿದ್ದಾನೆ" ಅನ್ನುತ್ತಾರೆ. ಅನುಮಾನ ಸುಳ್ಳಲ್ಲ. ನಮ್ಮ ತಟ್ಟೆಯ ಮೇಲೆ ರಾಜಕೀಯ ಮಾಡುವವರಿಗೆ ಈಗ ಹವಾಮಾನವೂ ಒಂದು ಕೋಲಾಗಿ ಸಿಕ್ಕಿದೆ. ಅವರಿಗೆ ಉತ್ತರ ಮೊದಲು ಕೊಟ್ಟುಬಿಡೋಣ. ಭಾರತೀಯನೊಬ್ಬ ಸರಾಸರಿ ಹೊರಹಾಕುವ ಇಂಗಾಲ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. 2019ರ ಜಾನುವಾರು ಗಣತಿಯ ಪ್ರಕಾರ ಈ ದೇಶದಲ್ಲಿ ದನ, ಎಮ್ಮೆ ಸೇರಿ 30 ಕೋಟಿ ಇವೆ. ಅವುಗಳನ್ನು ಜನ ಸಾಕುವುದು ಮುಖ್ಯವಾಗಿ ಹಾಲಿಗೆ. ಮೀಥೇನ್ ಬರುವುದು ಬದುಕಿರುವ ದನದ ಹೊಟ್ಟೆಯಿಂದ. ಹಾಗಾಗಿ ಬೀಫ್ ತಿನ್ನುವವನನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿ, ತುಪ್ಪ, ಪನೀರ್, ಹಾಲಿನ ಸಿಹಿ ತಿನ್ನುವವನನ್ನು ಸಾಕ್ಷಿಯ ಜಾಗದಲ್ಲಿ ಕೂರಿಸುವುದು ಯಾವ ನ್ಯಾಯ? ಗದ್ದೆಯಲ್ಲಿ ನಿಂತ ನೀರಿನಿಂದಲೂ ಮೀಥೇನ್ ಬರುತ್ತದೆ. ಹಾಗೆಂದು ಅನ್ನ ತಿನ್ನುವವರನ್ನು ಯಾರೂ ಬೈಯುವುದಿಲ್ಲ.

ಇಷ್ಟು ಹೇಳಿ ನಾವು ಕೈ ತೊಳೆದುಕೊಂಡರೆ ಅದು ಮೋಸ. ಬೇರೆಯವರ ಲೆಕ್ಕ ತಪ್ಪು ಎಂದ ಮಾತ್ರಕ್ಕೆ ನಮ್ಮ ಲೆಕ್ಕ ಸರಿಯಾಗುವುದಿಲ್ಲ. ಆ ನಾಲ್ಕು ಡ್ರಮ್ ನಮ್ಮವೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ 2022ರಲ್ಲಿ ಜಗತ್ತು ಎಸೆದ ಆಹಾರ 105 ಕೋಟಿ ಟನ್. ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ನೂರಕ್ಕೆ 8ರಿಂದ 10 ಪಾಲು ಹೀಗೆ ಹಾಳಾಗುವ, ಎಸೆಯುವ ಆಹಾರದ್ದು. ಇಸ್ರಾಫ್ ಬಗ್ಗೆ ಖುತ್ಬಾ ಕೇಳಿ ತಲೆಯಾಡಿಸಿ, ಅದೇ ಜುಮಾದ ನಂತರ ಅದೇ ಮಸೀದಿಯ ಹಾಲ್‌ನಲ್ಲಿ ಅದೇ ದುಂದು ಮಾಡುವುದನ್ನು ಏನೆಂದು ಕರೆಯಬೇಕು?

ಇನ್ನು ದೇಹದ ಲೆಕ್ಕ. ಐಸಿಎಂಆರ್ ನಡೆಸಿದ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಅಂದರೆ ವಯಸ್ಕರಲ್ಲಿ ನೂರಕ್ಕೆ 11.4. ಕೇರಳದಲ್ಲಿ ಅದು 25.5, ನಾಲ್ವರಲ್ಲಿ ಒಬ್ಬರಿಗೆ. ಗೋವಾ, ಪುದುಚೇರಿ ಬಿಟ್ಟರೆ ಮುಂದಿನ ಸ್ಥಾನ ನಮ್ಮದೇ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನ ನಮ್ಮ ಮನೆಗಳಲ್ಲಿ ಈ ಅಂಕಿ ಯಾರಿಗೂ ಆಶ್ಚರ್ಯ ತರುವುದಿಲ್ಲ. ಫ್ರಿಜ್ ಬಾಗಿಲು ತೆರೆದರೆ ಇನ್ಸುಲಿನ್ ಇರುತ್ತದೆ. ವಾರಕ್ಕೆರಡು ಸಲ ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗುವವರು ಪ್ರತಿ ಜಮಾಅತಿನಲ್ಲೂ ಇದ್ದಾರೆ. ಅವರಿಗಾಗಿ ವಾಟ್ಸಾಪ್ ಗ್ರೂಪುಗಳಲ್ಲಿ ಹಣ ಕೂಡಿಸುತ್ತೇವೆ, ದುಆ ಮಾಡುತ್ತೇವೆ. ಮರುದಿನ ಕುಟುಂಬವನ್ನೆಲ್ಲ ಕಾರಲ್ಲಿ ತುಂಬಿಕೊಂಡು ಮಂದಿ, ಅಲ್‌ಫಾಮ್, ಮಯೋನೀಸ್, ಜೊತೆಗೆ ಎರಡು ಲೀಟರ್ ಕೋಲಾ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಂದು ಹೆಣ್ಣುಮಗು ತೀರಿಹೋಯಿತು. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ ಸರಕಾರ 2023ರ ಜನವರಿಯಲ್ಲಿ ನಿಷೇಧಿಸಿತು. ಆ ಮಗುವನ್ನು ನಾವು ಎಷ್ಟು ದಿನ ನೆನಪಿಟ್ಟುಕೊಂಡೆವು?

"ಹಸಿವು ಕಂಡ ಜನ ನಾವು, ಬಂದವರಿಗೆ ಹೊಟ್ಟೆ ತುಂಬ ಉಣ್ಣಿಸುವುದೇ ನಮ್ಮ ಮರ್ಯಾದೆ" ಎಂದು ಹಿರಿಯರು ಹೇಳುತ್ತಾರೆ. ಈ ಮಾತಿಗೆ ನಾನು ತಲೆ ಬಾಗುತ್ತೇನೆ. ಆದರೆ ನೆನಪು ಮಾಡಿಕೊಳ್ಳಿ, ಆ ಹಸಿವಿನ ಕಾಲದಲ್ಲಿ ನಮ್ಮನ್ನು ಸಾಕಿದ್ದು ಯಾವುದು? ಕುಚ್ಚಲಕ್ಕಿ ಗಂಜಿ, ಪಿಂಡಿ, ಪತ್ತಿರ್, ಮಳೆಗಾಲದಲ್ಲಿ ಹಲಸು, ಹಿತ್ತಿಲ ನುಗ್ಗೆಸೊಪ್ಪು, ಮಕ್ಕಳಿಗೆ ಮುತ್ತಾರಿ ಅಂದರೆ ರಾಗಿಯ ಸರಿ, ಮತ್ತೆ ಬುಟ್ಟಿ ತುಂಬ ಮತ್ತಿ, ಅಂದರೆ ಬೂತಾಯಿ. ಇವತ್ತು ಡಾಕ್ಟರೂ, ಹವಾಮಾನ ತಜ್ಞರೂ ಕೈ ತೋರಿಸುವುದು ಹೆಚ್ಚುಕಡಿಮೆ ಇದೇ ತಟ್ಟೆಯ ಕಡೆಗೆ. ಸಣ್ಣ ಮೀನು, ಕಾಳು, ಸೊಪ್ಪು, ತವಡು ಪೂರ್ತಿ ಹೋಗದ ಅಕ್ಕಿ. ನಾವು ಅದನ್ನು ಬಡವರ ಊಟ ಎಂದು ಹೆಸರಿಟ್ಟು ಮನೆಯಿಂದ ಹೊರಹಾಕಿ, ಮೈದಾ ಪರೋಟವನ್ನೂ ಪಾಮ್ ಎಣ್ಣೆಯನ್ನೂ ಶ್ರೀಮಂತಿಕೆ ಎಂದು ಒಳಗೆ ತಂದೆವು. ತೆಂಗಿನ ನಾಡಿನವರು ಮಲೇಶಿಯಾ, ಇಂಡೋನೇಶಿಯಾದ ಎಣ್ಣೆಯಲ್ಲಿ ಕೋಳಿ ಕರಿಯುತ್ತಿದ್ದೇವೆ.

ಮತ್ತಿಯ ಕತೆಯನ್ನೇ ನೋಡಿ. ಕೇಂದ್ರೀಯ ಸಮುದ್ರ ಮೀನು ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಮತ್ತಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್. ಆಮೇಲೆ ಮತ್ತೆ ಲಕ್ಷ ಟನ್ ದಾಟಿದೆ, ಆದರೆ ಕಡಲು ಒಮ್ಮೆ ಎಚ್ಚರಿಸಿತು. ಕಾರಣ ಒಂದಲ್ಲ. ಎಲ್ ನಿನೊ ವರ್ಷಗಳಲ್ಲಿ ಕಡಲಿನ ಬಿಸಿ ಏರುತ್ತದೆ. ಬಲೆಗಳು ಮರಿಗಳನ್ನೂ ಬಿಡುವುದಿಲ್ಲ. ನಮ್ಮ ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳು ಬಡವನ ತಟ್ಟೆಗೆ ಬರಬೇಕಾದ ಸಣ್ಣ ಮೀನನ್ನು ಪುಡಿ ಮಾಡಿ, ಸಾಕಿದ ಸಿಗಡಿಗೂ ಕೋಳಿಗೂ ಆಹಾರವಾಗಿ ಕಳಿಸುತ್ತವೆ. ಆ ಸಿಗಡಿ ಮದುವೆಯ ಮೇಜಿಗೆ ಬರುತ್ತದೆ, ಅರ್ಧ ಡ್ರಮ್ಮಿಗೆ ಹೋಗುತ್ತದೆ. ಹತ್ತು ಸೆಂಟಿಮೀಟರಿಗಿಂತ ಸಣ್ಣ ಮತ್ತಿಯನ್ನು ಹಿಡಿಯಬಾರದು ಎಂದು ಕೇರಳದಲ್ಲಿ ನಿಯಮ ಇದೆ. ಮೀನು ಹಿಡಿಯುವವರಲ್ಲಿ, ಮಾರುವವರಲ್ಲಿ, ಲಾರಿ ಓಡಿಸುವವರಲ್ಲಿ ನಮ್ಮವರು ಎಷ್ಟೋ ಮಂದಿ ಇದ್ದಾರೆ. ಬೆರಳುದ್ದದ ಮರಿ ಮತ್ತಿಯನ್ನು ನಾವು ಕೊಳ್ಳುವುದಿಲ್ಲ ಎಂದು ಒಂದು ಪೇಟೆಯವರು ಹಟ ಹಿಡಿದರೂ ಸಾಕು, ಬಲೆಯ ಕಣ್ಣು ದೊಡ್ಡದಾಗುತ್ತದೆ.

ಹಾಗಾದರೆ ಹಿಂದಕ್ಕೆ ಹೋಗಬೇಕೇ? ಇಲ್ಲ. ಇಲ್ಲಿಯೇ "ಹಳೆಯ ಊಟವೇ ಒಳ್ಳೆಯದು" ಎಂದು ಬರೆಯುವ ಗಂಡಸರ ಜೊತೆ ನನ್ನ ಜಗಳ. ಹಲಸು ನಮ್ಮ ಅಡುಗೆಮನೆಯಿಂದ ಹೋದದ್ದು ಯಾರದೋ ಸೋಮಾರಿತನದಿಂದಲ್ಲ. ಅದರ ಮೇಣ ಯಾರ ಕೈಗೆ ಅಂಟುತ್ತಿತ್ತು? ಅಕ್ಕಿ ಕಡೆದು ಬಿಸಿ ಹಬೆಯಲ್ಲಿ ಪಿಂಡಿ ಬೇಯಿಸಿ, ಇಪ್ಪತ್ತು ಮಂದಿಗೆ ಬಡಿಸಿ ಕೊನೆಗೆ ಉಂಡವರು ಯಾರು? ನಮ್ಮ ಉಮ್ಮಂದಿರು. ಹಳೆಯ ತಟ್ಟೆ ಬೇಕು, ಆದರೆ ಹಳೆಯ ದುಡಿಮೆಯನ್ನು ಮತ್ತೆ ಅವರ ತಲೆಗೆ ಹೊರಿಸಲು ನಮಗೆ ಹಕ್ಕಿಲ್ಲ. ಅದಕ್ಕೇ ಹೊಸತನ ಬೇಕು. ಹೊಸತನ ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಮಾಂಸವೇ ಆಗಬೇಕಿಲ್ಲ. ಬಿಡಿಸಿ ತೊಳೆದು ಪ್ಯಾಕ್ ಮಾಡಿದ ಹಲಸಿನ ತೊಳೆ, ಬೀಜದ ಹುಡಿ, ಎಳೆಹಲಸಿನ ಹಿಟ್ಟು ಇವು ಹೊಸತನ. ಶ್ರೀಕಾಕುಳಂನ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ 40 ಮಂದಿ ಸಕ್ಕರೆ ಕಾಯಿಲೆಯವರ ಮೇಲೆ ಒಂದು ಪರೀಕ್ಷೆ ನಡೆದು 2021ರಲ್ಲಿ ಪ್ರಕಟವಾಯಿತು. ಅಕ್ಕಿ ಅಥವಾ ಗೋಧಿ ಹಿಟ್ಟಿನ ಬದಲು ದಿನಕ್ಕೆ 30 ಗ್ರಾಂ ಹಸಿ ಹಲಸಿನ ಹಿಟ್ಟು ತಿಂದವರಲ್ಲಿ 12 ವಾರಗಳಲ್ಲಿ ಸಕ್ಕರೆಯ ಸರಾಸರಿ ಇಳಿಯಿತು. ಸಣ್ಣ ಪರೀಕ್ಷೆ, ಅದನ್ನು ಪವಾಡದ ಮದ್ದೆಂದು ಫಾರ್ವರ್ಡ್ ಮಾಡಬೇಡಿ, ಯಾರೂ ಮಾತ್ರೆ ನಿಲ್ಲಿಸಬೇಡಿ. ಆದರೆ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ ಕೇರಳದಲ್ಲಿ ಪ್ರತಿ ಮಳೆಗಾಲವೂ ಹಲಸು ಮರದ ಬುಡದಲ್ಲಿ ಕೊಳೆಯುವುದು ನಾಚಿಕೆಯ ವಿಷಯ.

ನಮ್ಮ ಜಿಲ್ಲೆಗೆ ಬುದ್ಧಿ ಕಡಿಮೆ ಇಲ್ಲ. ನೆಟ್ಟಣಿಗೆಯ ಬೆಳೇರಿಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. ದೊಡ್ಡ ಜಮೀನಿನಲ್ಲಿ ಅಲ್ಲ, ಚೀಲಗಳಲ್ಲಿ ಮಣ್ಣು ತುಂಬಿ ಬೆಳೆಸುವ ತಮ್ಮದೇ ಉಪಾಯದಿಂದ. ರಾಜಕಯಮೆ ಅಕ್ಕಿಯನ್ನು ಹರಡಿದವರೂ ಅವರೇ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಪಕ್ಕದ ಗ್ರಾಮದ ಕನ್ನಡದ ಕೃಷಿಕ ಇಷ್ಟು ಮಾಡಿರುವಾಗ, ನಮ್ಮ ಹಾಲ್‌ಗಳಿಗೆ ಅಕ್ಕಿ ಹರಿಯಾಣ, ಪಂಜಾಬಿನ ಬಾಸ್ಮತಿಯಾಗಿಯೇ ಬರಬೇಕೇ? ಕಾಸರಗೋಡಿನ ಸಿಪಿಸಿಆರ್‌ಐ 1916ರಿಂದ ತೆಂಗಿನ ಸಂಶೋಧನೆ ಮಾಡುತ್ತಿದೆ. ತೆಂಗಿನ ಹೂಗೊಂಚಲಿನ ರಸವನ್ನು ಹುಳಿಯದಂತೆ ಇಳಿಸಿ ಕಲ್ಪರಸವೆಂದು ಕೊಟ್ಟಿದೆ, ತೆಂಗಿನ ಚಿಪ್ಸ್ ಮಾಡಿ ತೋರಿಸಿದೆ. ಅದರ ಗೇಟಿನ ಮುಂದೆ ದಿನಾ ಬಸ್ಸಿನಲ್ಲಿ ಹೋಗುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಒಳಗೆ ಹೋಗಿ ಕೇಳಿದ್ದಾರೆ? ಗಲ್ಫಿನಿಂದ ಉಳಿತಾಯ ತಂದವನು ಇನ್ನೊಂದು ಮಂದಿ ಹೋಟೆಲೇ ತೆರೆಯುತ್ತಾನೆ, ಎರಡು ವರ್ಷಕ್ಕೆ ಮುಚ್ಚುತ್ತಾನೆ.

ಸರಕಾರವನ್ನೂ ಬಿಡುವಂತಿಲ್ಲ. 2013ರ ಆಹಾರ ಭದ್ರತಾ ಕಾನೂನು ತಲೆಗೆ 5 ಕಿಲೋ ಧಾನ್ಯ ಕೊಡುತ್ತದೆ, ಬೇಳೆಕಾಳು ಕೊಡುವುದಿಲ್ಲ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಿಗುವುದಿಲ್ಲ. 2023ನ್ನು ಸಿರಿಧಾನ್ಯದ ಅಂತಾರಾಷ್ಟ್ರೀಯ ವರ್ಷವೆಂದು ದೇಶವಿಡೀ ಮೆರೆಸಿದರು. ರಾಗಿ ಪಂಚತಾರಾ ಹೋಟೆಲಿನ ಮೆನುವಿಗೆ ಹೋಯಿತು, ನಮ್ಮ ರೇಷನ್ ಅಂಗಡಿಯ ತಕ್ಕಡಿಗೆ ಸರಿಯಾಗಿ ಬರಲಿಲ್ಲ. ಕೆಲವೊಮ್ಮೆ ಸರಕಾರ ಸರಿಯಾಗಿಯೂ ಕೇಳಿಸಿಕೊಳ್ಳುತ್ತದೆ. 2025ರಲ್ಲಿ ಅಂಗನವಾಡಿಯ ಒಂದು ಪುಟ್ಟ ಮಗು ಉಪ್ಪಿಟ್ಟು ಸಾಕು, ಬಿರಿಯಾನಿ ಬೇಕು ಎಂದು ಕೇಳಿದ ವಿಡಿಯೋ ಎಲ್ಲರೂ ನೋಡಿದರು. ಕೇರಳ ಸರಕಾರ ಮೆನುವನ್ನೇ ಬದಲಿಸಿ ಮೊಟ್ಟೆ ಬಿರಿಯಾನಿ ಸೇರಿಸಿತು, ಜೊತೆಗೆ ಸಕ್ಕರೆ, ಉಪ್ಪು ಇಳಿಸಿತು. ಮಗುವಿನ ಆಸೆಯೂ ಉಳಿಯಿತು, ಆರೋಗ್ಯವೂ ಉಳಿಯಿತು. ನಾಲಗೆಯನ್ನು ಬೈದು ಯಾರ ಊಟವನ್ನೂ ಬದಲಿಸಲು ಆಗುವುದಿಲ್ಲ.

ನಮ್ಮ ಕೈಯಲ್ಲಿ ಇರುವುದನ್ನು ನಾವು ಮಾಡೋಣ. ಜಮಾಅತ್ ಕಮಿಟಿಗಳಿಗೆ ನನ್ನ ಬೇಡಿಕೆ ಇಷ್ಟೇ. ವರದಕ್ಷಿಣೆಯ ವಿರುದ್ಧ ನಿರ್ಣಯ ಮಾಡಿದ ಹಾಗೆ ಮದುವೆ ಊಟಕ್ಕೂ ನಿರ್ಣಯ ಮಾಡಿ: ಒಂದು ಅನ್ನ, ಎರಡು ಮಾಂಸ, ಒಂದು ತರಕಾರಿ ಅಥವಾ ಕಾಳು, ಒಂದು ಸಿಹಿ. ಶ್ರೀಮಂತನ ಮನೆಗೂ ಇದೇ, ಬಡವನ ಮನೆಗೂ ಇದೇ. ಹೆಣ್ಣಿನ ಅಪ್ಪ ಸಾಲ ಮಾಡಿ ಐದನೇ ಐಟಂ ಇಡುವುದು ಆಗ ನಿಲ್ಲುತ್ತದೆ. ಹಾಲ್ ಕಟ್ಟುವಾಗ ಎಸಿ ಹಾಕುವ ಮೊದಲು ಒಂದು ಬಯೋಗ್ಯಾಸ್ ಘಟಕ ಹಾಕಿ. ಮುಟ್ಟದೆ ಉಳಿದ ಅನ್ನ ಸಂಜೆಯೊಳಗೆ ಯಾರ ಮನೆಗೆ ಹೋಗಬೇಕೆಂದು ಮೊದಲೇ ಪಟ್ಟಿ ಮಾಡಿ. ಮದ್ರಸದಲ್ಲಿ ಮಕ್ಕಳಿಗೆ ಹಂಚುವ ಪ್ಯಾಕೆಟ್ ಜ್ಯೂಸ್ ಮತ್ತು ಕ್ರೀಂ ಬಿಸ್ಕತ್ತಿನ ಬದಲು ಬಾಳೆಹಣ್ಣು, ಕಡಲೆ ಕೊಡಿ. ಹಲಸು, ರಾಗಿ, ಮೀನಿನ ಉತ್ಪನ್ನ ಮಾಡಲು ಮುಂದೆ ಬರುವ ಕುಟುಂಬಶ್ರೀ ಹೆಂಗಸರಿಗೆ ಹಾಲ್‌ನ ಅಡುಗೆಮನೆಯನ್ನು ಖಾಲಿ ಇರುವ ದಿನಗಳಲ್ಲಿ ಬಿಟ್ಟುಕೊಡಿ, ಮೊದಲ ಗಿರಾಕಿ ನೀವೇ ಆಗಿ. ಖತೀಬರು ವರ್ಷಕ್ಕೆ ಒಂದು ಜುಮಾದಲ್ಲಾದರೂ ತಯ್ಯಿಬ್ ಬಗ್ಗೆ ಮಾತಾಡಲಿ.

ಬರುವ ಪೆರ್ನಾಲ್ ಕಳೆದು ನಮ್ಮ ಮನೆಯಲ್ಲೂ ಮದುವೆ ಇದೆ. ಒಂದು ಅನ್ನ, ಎರಡು ಮಾಂಸ ಎಂದು ನಾನು ಹೇಳಿದಾಗ ಉಮ್ಮ ಮೊದಲು ಕೇಳಿದ್ದು, "ಜನ ಏನು ಹೇಳುತ್ತಾರೆ?" ಎಂದು. ಜನ ಹೇಳುತ್ತಾರೆ, ಖಂಡಿತ ಹೇಳುತ್ತಾರೆ. ಎರಡು ದಿನ ಹೇಳಿ ಮರೆಯುತ್ತಾರೆ. ಮಾಮನ ಕಾಲಿನ ಹುಣ್ಣು ಮಾತ್ರ ಎಂಟು ತಿಂಗಳಿಂದ ಮಾಗಿಲ್ಲ. ಆ ದಿನ ಅವರಿಗೆ ಮೊದಲನೇ ಪಂಕ್ತಿಯಲ್ಲೇ ಜಾಗ ಇಟ್ಟಿದ್ದೇವೆ. ಮೆನುವಿನಲ್ಲಿ ಕಯಮೆ ಅಕ್ಕಿಯ ಅನ್ನ, ಮತ್ತಿ ಸಾರು ಇರುತ್ತದೆ. ಓದುವ ನೀವೂ ಬನ್ನಿ, ಉಂಡು ಹೋಗಿ, ಆಮೇಲೆ ಬೇಕಾದರೆ ಬೈಯಿರಿ.