ಸ್ವಾತಂತ್ರ್ಯೋತ್ಸವದ ರಜೆಯೂ ಹೊಲದ ಕೂಲಿಯೂ

ಆಗಸ್ಟ್ ತಿಂಗಳ 15ನೆಯ ತಾರೀಖಿನಂದು ದೇಶದ ಸಮಸ್ತ ಪ್ರಜೆಗಳೂ ಒಂದೇ ಉತ್ಸವವನ್ನು ಆಚರಿಸುವರೆಂಬ ಮಾತು ರೂಢಿಯಲ್ಲಿದೆ. ಕಚೇರಿಗಳಿಗೆ ಬೀಗ ಬಿದ್ದಿರುವುದನ್ನೂ, ಶಾಲೆಯ ಅಂಗಳದಲ್ಲಿ ಧ್ವಜವೇರುವುದನ್ನೂ, ಮಕ್ಕಳು ಮಿಠಾಯಿ ತಿನ್ನುತ್ತ ಮನೆಗೆ ಬರುವುದನ್ನೂ ಕಂಡವರಿಗೆ ಹಾಗೆ ತೋರುವುದು ಸಹಜವೇ. ಆದರೆ ಅದೇ ಬೆಳಿಗ್ಗೆ ರಾಗಿಯ ಹೊಲದ ಬದುವಿನ ಮೇಲೆ ನಿಂತು ನೋಡಿದವರಿಗೆ ಕಾಣುವ ನೋಟವೇ ಬೇರೆ. ಮುಂಗಾರಿನಲ್ಲಿ ಬಿತ್ತಿದ ರಾಗಿಯು ಆ ವೇಳೆಗೆ ಕುಂಟೆ ಹೊಡೆದು ಕಳೆ ತೆಗೆಯುವ ಹದಕ್ಕೆ ಬಂದಿರುವುದು. ಹೆಣ್ಣಾಳುಗಳು ಸಾಲು ಹಿಡಿದು ಬಗ್ಗಿರುವರು. ಶಾಲೆಯ ಕಡೆಯಿಂದ ರಾಷ್ಟ್ರಗೀತೆಯು ಕೇಳಿಬಂದರೂ ಅವರ ಕೈ ನಿಲ್ಲುವುದಿಲ್ಲ. ಕೈ ನಿಂತರೆ ಆ ದಿನದ ಕೂಲಿಯೂ ನಿಂತುಹೋಗುವುದು. ಊರಿಗೆಲ್ಲ ರಜೆಯಾದ ದಿನ ಊರಿಗೆ ಅನ್ನ ಬೆಳೆಯುವವರಿಗೆ ಮಾತ್ರ ರಜೆಯಿಲ್ಲವೆಂಬ ಈ ಸಂಗತಿಯನ್ನು ಗ್ರಾಮದ ಯಜಮಾನರೂ ಹಿಡುವಳಿದಾರರೂ ಸ್ವಲ್ಪ ನಿಧಾನವಾಗಿ ಆಲೋಚಿಸುವುದು ಯುಕ್ತವಾಗಿದೆ.

ಸ್ವಾತಂತ್ರ್ಯವು ಎಲ್ಲರಿಗೂ ಒಂದೇ ದಿನ, ಒಂದೇ ಬಗೆಯಾಗಿ ಬಂದುದಲ್ಲವೆಂಬುದಕ್ಕೆ ಬೆಂಗಳೂರಿನ ಪೂರ್ವಭಾಗಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕುವುದು ಕಷ್ಟ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಇಂಗ್ಲಿಷರ ಸೈನ್ಯವು 1809ರಲ್ಲಿ ಹಲಸೂರಿನ ಬಳಿಗೆ ಬಂದು ನೆಲಸಿತು. ಜನರು ಅದನ್ನು ‘ದಂಡು’ ಎಂದು ಕರೆದರು. ರೈಲ್ವೆ ನಿಲ್ದಾಣಕ್ಕೆ ಇಂದಿಗೂ ಅದೇ ಹೆಸರು ಬಾಯಲ್ಲಿ ಉಳಿದಿದೆ. 1881ರಲ್ಲಿ ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಒಪ್ಪಿಸಿದಾಗ ಬ್ರಿಟಿಷರು ಸುಮಾರು 13 ಚದರ ಮೈಲಿಯ ಈ ದಂಡಿನ ಪ್ರದೇಶವನ್ನು ಮಾತ್ರ ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಪೇಟೆಯು ಮಹಾರಾಜರ ಆಳ್ವಿಕೆಗೂ ದಂಡು ರೆಸಿಡೆಂಟರ ಆಳ್ವಿಕೆಗೂ ಸೇರಿದುವು. ಕೃಷ್ಣರಾಜಪುರದ ಕಡೆಯ ರೈತನು ಬೆಳಗಿನ ಜಾವ ಗಾಡಿ ಕಟ್ಟಿ, ಸೊಪ್ಪು ತರಕಾರಿಗಳನ್ನು ಹೇರಿಕೊಂಡು ಹಳೆಯ ಮದರಾಸು ರಸ್ತೆಯನ್ನು ಹಿಡಿದರೆ, ಹಲಸೂರನ್ನು ಮುಟ್ಟುವ ವೇಳೆಗೆ ಒಂದು ಸರ್ಕಾರವನ್ನು ದಾಟಿ ಇನ್ನೊಂದು ಸರ್ಕಾರದೊಳಕ್ಕೆ ಬಂದಿರುತ್ತಿದ್ದನು. ಎತ್ತುಗಳಿಗೆ ಈ ಭೇದ ತಿಳಿದಿದ್ದಂತೆ ಕಾಣುವುದಿಲ್ಲ.

ಆ ಪ್ರದೇಶವು 1947ರ ಜುಲೈ 26ರಂದು, ಅಂದರೆ ಸ್ವಾತಂತ್ರ್ಯಕ್ಕೆ 20 ದಿನ ಮುಂಚಿತವಾಗಿ, ಮೈಸೂರಿಗೆ ಹಿಂತಿರುಗಿ ಬಂದಿತು. ಆಗಸ್ಟ್ 9ರಂದು ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಭಾರತಕ್ಕೆ ಸೇರುವ ಒಪ್ಪಂದಪತ್ರಕ್ಕೆ ರುಜು ಮಾಡಿದರು. 15ರಂದು ದೇಶವು ಸ್ವತಂತ್ರವಾಯಿತು. ಆದಾಗ್ಯೂ ಮೈಸೂರಿನ ರೈತನಿಗೆ ಜವಾಬ್ದಾರಿ ಸರ್ಕಾರವೆಂಬುದು ಆ ದಿನ ದೊರೆಯಲಿಲ್ಲ. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು. ಅನೇಕರು ಸೆರೆಮನೆಗೆ ಹೋದ ಮೇಲೆ, ಅಕ್ಟೋಬರ್ 25ರಂದು ಕೆ. ಚೆಂಗಲರಾಯ ರೆಡ್ಡಿಯವರು ಮುಖ್ಯಮಂತ್ರಿಗಳಾದರು. ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ರಾಯಚೂರು, ಬೀದರಿನ ಸೀಮೆಯವರು 1948ರ ಸೆಪ್ಟೆಂಬರ್ 17ರವರೆಗೆ ಕಾದರು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಗ್ರಾಮಸ್ಥರಾದರೋ ಕಾಯಲೇ ಇಲ್ಲ. 1942ರಲ್ಲಿಯೇ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಅದಕ್ಕೆ ಬೆಲೆಯಾಗಿ ಮರುವರ್ಷ 5 ಮಂದಿ ನೇಣುಗಂಬವನ್ನೇರಿದರು.

ದಂಡಿನೊಳಗೂ ಎಲ್ಲರ ಮನಸ್ಸು ಒಂದೇ ಬಗೆಯಾಗಿರಲಿಲ್ಲ. ಈಗ ಶಿವಾಜಿನಗರವೆನಿಸಿರುವ ಅಂದಿನ ಬ್ಲ್ಯಾಕ್‌ಪಲ್ಲಿಯಲ್ಲಿ ಬೂಟು ಹೊಲಿಯುವವರು, ದರ್ಜಿಗಳು, ಅಗಸರು, ದೊರೆಗಳ ಬಂಗಲೆಯ ಬಟ್ಲರುಗಳು, ಇವರೆಲ್ಲರ ಜೀವನವೂ ಬಿಳಿಯ ಸೋಲ್ಜರುಗಳ ಸಂಬಳದ ದಿನವನ್ನು ನಂಬಿದ್ದಿತು. 1927ರ ರಸೆಲ್ ಮಾರುಕಟ್ಟೆಗೆ ಹೂಕೋಸು, ಬೀಟ್‌ರೂಟು ತರುತ್ತಿದ್ದ ತೋಟಗಾರನಿಗೂ ಬಂಗಲೆಯವರೇ ಒಳ್ಳೆಯ ಗಿರಾಕಿಗಳು. ಇಂಥವರಿಗೆ ಸ್ವಾತಂತ್ರ್ಯವೆಂದರೆ ಹಿಗ್ಗೂ ಹೌದು, ನಾಳೆಯ ಗತಿಯೇನೆಂಬ ಯೋಚನೆಯೂ ಹೌದು. ಇದನ್ನು ದೇಶಭಕ್ತಿಯ ಕೊರತೆಯೆಂದು ಎಣಿಸುವುದು ಅನ್ಯಾಯ. ಆಂಗ್ಲೋ ಇಂಡಿಯನ್ನರ ಪಾಡು ಇನ್ನೂ ಬೇರೆ. 1882ರಲ್ಲಿ ಮಹಾರಾಜರು ಅವರ ಸಂಘಕ್ಕೆ 3,900 ಎಕರೆ ಜಮೀನನ್ನು ಕೊಟ್ಟು, ಅವರು ವ್ಯವಸಾಯ ಮಾಡಿ ಬದುಕಲೆಂದು ಆಶಿಸಿದ್ದರು. ವೈಟ್‌ಫೀಲ್ಡ್ ಹುಟ್ಟಿದುದು ಹಾಗೆ. ಈಗ ಗಾಜಿನ ಕಟ್ಟಡಗಳಿಂದ ತುಂಬಿರುವ ಆ ಊರು ಮೊದಲು ಒಂದು ರೈತರ ವಸಾಹತಾಗಿದ್ದಿತೆಂಬುದನ್ನು ಬಲ್ಲವರು ಕಡಿಮೆ. ಸ್ವಾತಂತ್ರ್ಯ ಬಂದ ತರುವಾಯ ಅವರಲ್ಲಿ ಬಹುಮಂದಿ ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಹೊರಟುಹೋದರು. ಅವರು ಬಿಟ್ಟ ದಂಡಿನ ಬೀದಿಗಳಿಗೆ, ವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಸಿಂಧಿಗಳು ಬಂದು ಅಂಗಡಿಯಿಟ್ಟರು. ಒಂದೇ ತಾರೀಖು ಒಬ್ಬರನ್ನು ಹೊರಗೆ ಕಳುಹಿಸಿ ಇನ್ನೊಬ್ಬರನ್ನು ಒಳಗೆ ತಂದಿತು.

ಹಲಸೂರು ಕೆರೆಯ ಬಳಿಯ ಮದರಾಸು ಸ್ಯಾಪರ್ಸ್ ದಳದವರಿಗೆ ಧ್ವಜ ಬದಲಾಯಿತೇ ಹೊರತು ಕವಾಯತು ಬದಲಾಗಲಿಲ್ಲ. ಹಿಂದೆ ಇಂಗ್ಲಿಷರ ಪಡೆಗಳು ಕವಾಯತು ಮಾಡುತ್ತಿದ್ದ ಮೈದಾನದಲ್ಲಿಯೇ, ಈಗ ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಅವರ ಹೆಸರನ್ನು ಪಡೆದಿರುವ ಆ ಪೆರೇಡ್ ಮೈದಾನದಲ್ಲಿಯೇ, ಪ್ರತಿವರ್ಷ ಆಗಸ್ಟ್ 15ರಂದು ಮುಖ್ಯಮಂತ್ರಿಗಳು ಧ್ವಜವನ್ನೇರಿಸುವರು. ನೋಡತಕ್ಕ ಉತ್ಸವವೇ ಸರಿ. ಆದರೆ ಅಲ್ಲಿಂದ ಕೃಷ್ಣರಾಜಪುರದ ತೂಗುಸೇತುವೆಯವರೆಗೆ ಹೋಗುವವರು ದಾರಿಯ ಸಿಗ್ನಲುಗಳಲ್ಲಿ ಹಿಂದಿನ ದಿನಗಳಿಂದ ಕಾಗದದ ಧ್ವಜಗಳನ್ನು ಮಾರುವ ಮಕ್ಕಳನ್ನೂ ನೋಡಬೇಕು. ಅವರ ಪಾಲಿಗೆ ಅದು ಸುಗ್ಗಿಯ ಕಾಲ. 16ರಂದು ಆ ಸರಕನ್ನು ಕೇಳುವವರಿಲ್ಲ.

ರೈತಾಪಿ ಜನರಿಗೆ ಹೆಚ್ಚು ಸಂಬಂಧಪಟ್ಟ ಸಂಗತಿ ಇದೇ ರಸ್ತೆಯ ಎರಡು ಮಗ್ಗುಲಲ್ಲಿ ನಡೆಯಿತು. 1940ರಲ್ಲಿ ವಿಮಾನದ ಕಾರ್ಖಾನೆ ಬಂದಿತು. 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿಯ ಕಾರ್ಖಾನೆಯಾದ ಐ.ಟಿ.ಐ. ಸ್ಥಾಪಿತವಾಯಿತು, ಸ್ವತಂತ್ರ ಭಾರತದ ಸರ್ಕಾರಿ ಉದ್ಯಮಗಳಲ್ಲಿ ಅದೇ ಮೊದಲನೆಯದು. ಸುತ್ತಣ ಹಳ್ಳಿಗಳ ಹುಡುಗರು ನೇಗಿಲ ಮೇಣಿ ಬಿಟ್ಟು ಕಾರ್ಖಾನೆಯ ಕೂಗಿಗೆ ಏಳುವುದನ್ನು ಕಲಿತರು. ತಿಂಗಳಿಗೆ ತಪ್ಪದ ಸಂಬಳ, ವಾರಕ್ಕೊಂದು ಬಿಡುವು, ವರ್ಷಕ್ಕಿಷ್ಟು ಹಬ್ಬದ ರಜೆ, ಇವು ಅವರ ತಂದೆತಾತಂದಿರು ಕೇಳಿ ತಿಳಿಯದ ಮಾತುಗಳು. 1963ರಲ್ಲಿ ರಾಜ್ಯ ಸರ್ಕಾರವು ಕಾನೂನನ್ನೇ ಮಾಡಿ, ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಈ ದಿನಗಳಲ್ಲಿ ಕೈಗಾರಿಕೆಯ ಕೆಲಸಗಾರರಿಗೆ ಸಂಬಳಸಹಿತವಾದ ರಜೆಯನ್ನು ಕೊಡತಕ್ಕದ್ದೆಂದು ವಿಧಿಸಿತು. ಬೇಲಿಯ ಒಳಗಣ ಅಣ್ಣನಿಗೆ ಸ್ವಾತಂತ್ರ್ಯೋತ್ಸವವು ಹೀಗೆ ರೂಪಾಯಿಯ ಲೆಕ್ಕದಲ್ಲಿಯೂ ಬಂದಿತು. ಬೇಲಿಯ ಹೊರಗೆ ಇನ್ನೊಬ್ಬರ ರಾಗಿಯ ಹೊಲದಲ್ಲಿ ಕೂಲಿಗೆ ನಿಂತ ತಮ್ಮನಿಗೆ ಬರಲಿಲ್ಲ.

ಬಡಾವಣೆಗಳ ಕಥೆಯಲ್ಲಿಯೂ ಅವನ ಪಾಲು ಹಾಗೆಯೇ ಆಯಿತು. ಬಿನ್ನಮಂಗಲ, ದೂಪನಹಳ್ಳಿ, ತಿಪ್ಪಸಂದ್ರ, ಕೋಡಿಹಳ್ಳಿಗಳ ಸುತ್ತಣ ಭೂಮಿ ನಿವೇಶನಗಳಾಗಿ, 1970ರ ದಶಕದಿಂದೀಚೆಗೆ ಇಂದಿರಾನಗರವು ಬೆಳೆಯಿತು. ಇಂಥ ಬಡಾವಣೆಗಳಿಗೆ ಜಮೀನು ಹೋದಾಗ, ಪಹಣಿಯಲ್ಲಿ ಹೆಸರಿದ್ದವರಿಗೆ ಪರಿಹಾರ ಸಂದಿತು. ಅದು ಸಾಲದೆ ಬಂದಿತೆಂಬ ದೂರು ಬೇರೆ ವಿಚಾರ, ಅದರಲ್ಲಿ ಹುರುಳೂ ಉಂಟು. ಆದರೆ ಅದೇ ಹೊಲದಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದ ಕೂಲಿಯವರು ಹಕ್ಕಿನಿಂದ ಕೇಳಬಹುದಾದ ಹಣವೆಂಬುದು 1894ರ ಭೂಸ್ವಾಧೀನ ಕಾನೂನಿನಲ್ಲಿ ಇರಲಿಲ್ಲ. ಆ ಭೂಮಿಯನ್ನು ನಂಬಿ 3 ವರ್ಷ ದುಡಿದ ಕೂಲಿಯ ಕುಟುಂಬವೂ ಬಾಧಿತ ಕುಟುಂಬವೆಂದು ಕಾನೂನು ಒಪ್ಪಿಕೊಂಡುದು 2013ರಲ್ಲಿ. ಅಷ್ಟು ಹೊತ್ತಿಗೆ ಇಂದಿರಾನಗರದಲ್ಲಿ ರಾಗಿಯ ಕೂಳೆಯಾದರೂ ಉಳಿದಿರಲಿಲ್ಲ.

ಆದುದರಿಂದ ಹಳ್ಳಿಯಲ್ಲಿ ಸ್ವಾತಂತ್ರ್ಯದ ತಾರೀಖು ಯಾವುದೆಂದು ಕೇಳಿದರೆ ಉತ್ತರವು ಮನೆಯಿಂದ ಮನೆಗೆ ಬೇರೆಯಾಗುವುದು. ಗೇಣಿದಾರನಾಗಿದ್ದವನ ಮಗನು 1974ರ ಮಾರ್ಚ್ 1 ಎಂದಾನು. ಗೇಣಿಯ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ ಉಳುವವನಿಗೆ ಸೇರಲು ದಾರಿಯಾದುದು ಆ ದಿನ. ಹಿಡುವಳಿದಾರರಲ್ಲಿ ಕೆಲವರಿಗೆ ಅದೇ ತಾರೀಖು ಕಹಿಯಾಗಿ ನೆನಪಿದ್ದರೆ ಆಶ್ಚರ್ಯವಲ್ಲ. ಜೀತಕ್ಕಿದ್ದವನ ಮಗನು 1975ರ ಅಕ್ಟೋಬರ್ 25 ಎಂದಾನು; ಜೀತಪದ್ಧತಿಯನ್ನು ರದ್ದುಪಡಿಸಿದ ಕಾನೂನು ಜಾರಿಗೆ ಬಂದುದು ಆ ದಿನದಿಂದ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಬಂದ ತಾರೀಖಿಗೆ ಸರಿಯಾಗಿ 28 ವರ್ಷ. ಈ ಕಾಲವನ್ನು ಜೀತದಾಳು ಇನ್ನೊಬ್ಬರ ಕೊಟ್ಟಿಗೆಯಲ್ಲಿ ಕಳೆದನು. ಊರಿನಲ್ಲಿ ಅಷ್ಟು ಸಲ ಧ್ವಜವೇರಿದ್ದನ್ನು ಅವನೂ ನೋಡಿಯೇ ಇದ್ದನು.

ಈಗ ಕಾನೂನಿಗೆ ಕಾಯದೆ ಗ್ರಾಮದ ಯಜಮಾನರು ತಾವಾಗಿಯೇ ಮಾಡಬಹುದಾದ ಒಂದು ಕಾರ್ಯವುಂಟು: ಆಗಸ್ಟ್ 15ರಂದು ಹೊಲದ ಕೂಲಿಯವರಿಗೆ ಕೂಲಿಸಹಿತವಾದ ರಜೆ. ಇದು ಹೊಸ ಮಾತೇನೂ ಅಲ್ಲ. ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ಕಟ್ಟು ಹಿರಿಯರ ಕಾಲದಿಂದ ನಡೆದುಬಂದಿದೆ. ಬಿತ್ತನೆಯ ಹದ ತಪ್ಪೀತೆಂಬ ಅಂಜಿಕೆಯಿದ್ದಾಗಲೂ ಹಿರಿಯರು ಆ ಕಟ್ಟನ್ನು ಮುರಿಯಲು ಹಿಂಜರಿದರು. ಬಸವಣ್ಣನೆಂದು ಕೈಮುಗಿದು, ಬಿಡುವಿನ ದಿನವೂ ಹುಲ್ಲು ಹಿಂಡಿಗಳನ್ನು ಕಡಿಮೆ ಮಾಡದೆ ಹಾಕಿದರು. ದುಡಿಯುವ ಜೀವಕ್ಕೆ ಮೇವುಸಹಿತವಾದ ರಜೆಯಿರಬೇಕೆಂಬ ತತ್ತ್ವವನ್ನು ಹಳ್ಳಿಯವರು ಕಾರ್ಖಾನೆಯಿಂದ ಕಲಿಯಬೇಕಾಗಿಲ್ಲವಷ್ಟೆ. (ಟ್ರ್ಯಾಕ್ಟರು ಬಂದ ಮೇಲೆ ಸೋಮವಾರವೂ ಸಡಿಲವಾಗುತ್ತಿದೆಯೆಂಬುದು ನಿಜ.)

ಇದಕ್ಕೆ ಆಕ್ಷೇಪಣೆಗಳು ಬಾರದೆ ಇರಲಾರವು. ಕಳೆಯು ತಾರೀಖನ್ನು ನೋಡಿ ಬೆಳೆಯುವುದಿಲ್ಲವೆಂದು ಕೆಲವರು ಹೇಳುವರು. ಸರಿಯೇ, ಆದರೆ ಊರಹಬ್ಬದ ದಿನವೂ, ಊರಿನಲ್ಲಿ ಸಾವಾದ ದಿನವೂ ಹೊಲಕ್ಕೆ ಯಾರೂ ಇಳಿಯುವುದಿಲ್ಲ, ಅದರಿಂದ ಯಾರ ಬೆಳೆಯೂ ಹಾಳಾದುದಿಲ್ಲ. ಕೂಲಿಯವರೇ ದೊರೆಯದ ಈ ಕಾಲದಲ್ಲಿ ರಜೆಯೆಂಥದೆಂಬ ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗಟ್ಟಿಯಾದುದು. ಆದರೆ ಕೂಲಿಯವರು ಏಕೆ ದೊರೆಯುತ್ತಿಲ್ಲ? ಹೊಸಕೋಟೆಯ ಕಡೆಯ ಹುಡುಗನು ಹೊಲವನ್ನು ಬಿಟ್ಟು ವೈಟ್‌ಫೀಲ್ಡಿನ ಕಟ್ಟಡದ ಬಾಗಿಲು ಕಾಯಲು ಹೋಗುವುದು ಸಂಬಳವೊಂದನ್ನೇ ನೋಡಿ ಅಲ್ಲ. ಅಲ್ಲಿ ತಿಂಗಳು, ವಾರ, ರಜೆ ಎಂಬ ಲೆಕ್ಕವುಂಟು. ಹೊಲದಲ್ಲಿ ಕರೆದ ದಿನ ಕೆಲಸ, ಕರೆಯದ ದಿನ ಏನೂ ಇಲ್ಲ. ಕೂಲಿಗೆ ಮರ್ಯಾದೆಯಿರುವ ಊರಿನಲ್ಲಿ ಕೂಲಿಯವರು ಸ್ವಲ್ಪ ಹೆಚ್ಚು ಕಾಲ ನಿಂತಾರೆಂದು ನಿರೀಕ್ಷಿಸುವುದು ಅತ್ಯಾಶೆಯಲ್ಲ.

ನಿತ್ಯವೂ ಬೇರೆಬೇರೆಯವರ ಹೊಲಕ್ಕೆ ಹೋಗುವವರಿಗೆ ಯಾರು ಕೊಡತಕ್ಕದ್ದೆಂಬ ಪ್ರಶ್ನೆಯೂ ಬಿಡಿಸಲಾರದುದಲ್ಲ. 14ರಂದು ಯಾರ ಹೊಲದಲ್ಲಿ ಕೆಲಸ ಮಾಡಿದರೋ ಅವರೇ ಮರುದಿನದ ಕೂಲಿಯನ್ನೂ ಕೊಡುವುದೆಂದು ಊರಿನವರು ಕೂಡಿ ಕಟ್ಟು ಮಾಡಿಕೊಂಡರೆ ಸಾಕು. ಗಂಡಾಳಿಗೆ ಕೊಟ್ಟಷ್ಟನ್ನೇ ಹೆಣ್ಣಾಳಿಗೂ ಕೊಡಬೇಕು. ರಜೆಯ ದಿನ ಹೆಂಗಸು ಗಂಡಸಿಗಿಂತ ಕಡಿಮೆ ವಿಶ್ರಾಂತಿ ಪಡೆದಳೆಂದು ಲೆಕ್ಕ ಹಾಕುವುದಕ್ಕಾದರೂ ಬರುವುದಿಲ್ಲ. ಎರಡು ಎಕರೆಯ ಒಡೆಯನು ತಾನೇ ಕೆಲವು ದಿನ ಇನ್ನೊಬ್ಬರಲ್ಲಿ ಕೂಲಿಗೆ ಹೋಗುವವನು; ಅವನ ಮೇಲೆ ಈ ಭಾರವನ್ನು ಹೊರಿಸುವುದು ನ್ಯಾಯವಲ್ಲ. ದ್ರಾಕ್ಷಿ, ಗುಲಾಬಿ, ತರಕಾರಿಗಳ ದೊಡ್ಡ ತೋಟಗಳನ್ನು ಇಟ್ಟುಕೊಂಡು ಹತ್ತಾರು ಆಳುಗಳನ್ನು ನಡೆಸುವವರು ಮುಂದೆ ಬಂದರೆ ಉಳಿದವರು ಹಿಂಬಾಲಿಸುವರು.

ಧ್ವಜಾರೋಹಣದ ವಿಷಯದಲ್ಲಿಯೂ ಒಂದು ಮಾತು. 1993ರ ಪಂಚಾಯತ್ ರಾಜ್ ಕಾನೂನಿನ ಮೀಸಲಾತಿಯಿಂದ ಹೆಂಗಸರೂ ಪರಿಶಿಷ್ಟ ಜಾತಿಯವರೂ ಗ್ರಾಮ ಪಂಚಾಯತಿಯ ಅಧ್ಯಕ್ಷರಾಗುತ್ತಿರುವರು. ಅಧ್ಯಕ್ಷೆಯವರ ಕೈಗೆ ಹಗ್ಗವನ್ನು ಕೊಟ್ಟು, ಭಾಷಣವನ್ನು ಅವರ ಪತಿಯೋ ಊರಿನ ದೊಡ್ಡ ಹಿಡುವಳಿದಾರರೋ ಮಾಡುವ ರೂಢಿ ಕೆಲವೆಡೆ ಕಾಣುವುದು. ಅದನ್ನು ಬಿಡಬೇಕು. ಕೂಲಿಯವರಿಗೆ ರಜೆಯಿದ್ದರೆ ಧ್ವಜದ ಮುಂದೆ ಅವರೂ ನಿಂತಿರುವರು. ಈಗಲಾದರೋ ಶಾಲೆಯ ಮಕ್ಕಳು, ಉಪಾಧ್ಯಾಯರು, ಬಿಳಿಯ ಬಟ್ಟೆ ತೊಟ್ಟ ನಾಲ್ವರು ಮಾತ್ರ.

ಇನ್ನು ಉಳಿದುದು ದನಕರುಗಳ ವಿಚಾರ. ಅವಕ್ಕೆ ಮೇವು ನೀರು ತಪ್ಪಿಸುವಂತಿಲ್ಲ; ಹಾಲಿನ ಡೈರಿಯೂ ಆ ದಿನ ಮುಚ್ಚಿರುವುದಿಲ್ಲ. ಆದುದರಿಂದ ಆ ಒಂದು ದಿನ ಕೊಟ್ಟಿಗೆಯ ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆದು ಡೈರಿಗೆ ಮುಟ್ಟಿಸುವ ಕೆಲಸವನ್ನು ಮನೆಯ ಗಂಡುಮಕ್ಕಳೇ ವಹಿಸಿಕೊಳ್ಳಬಹುದು. ಬೆಂಗಳೂರಿನಿಂದ ರಜೆಗೆಂದು ಊರಿಗೆ ಬಂದವರಿಗೆ ಅಷ್ಟು ಹೊತ್ತು ಇದ್ದೇ ಇರುವುದು. ಬೆಳಿಗ್ಗೆ 5 ಗಂಟೆಗೆ ಎದ್ದರೆ 8 ಗಂಟೆಯ ಧ್ವಜಾರೋಹಣಕ್ಕೆ ಕೈಕಾಲು ತೊಳೆದು ಬರಲು ವೇಳೆ ಸಾಕಾಗುವುದು.