ನಾಲ್ಕು ಅಂಕಗಳ ಕಥೆ



2023ರ ಫೆಬ್ರವರಿ 11ರಂದು ನಮ್ಮ ಹುಸೇನ್ ಸಾಗರದ ದಂಡೆಯ ಮೇಲೆ ಫಾರ್ಮುಲಾ-ಇ ಕಾರುಗಳು ಓಡಿದ್ದು ನಿಮಗೆ ನೆನಪಿರಬಹುದು. ಭಾರತದಲ್ಲಿ ನಡೆದ ಮೊದಲ ಫಾರ್ಮುಲಾ-ಇ ಸ್ಪರ್ಧೆ ಅದು. ಅಲ್ಲಿ ಓಡಿಸಿದವರ ಹೆಸರುಗಳನ್ನು ನಿಮ್ಮಲ್ಲಿ ಕೆಲವರು ಗಿಣಿಪಾಠ ಒಪ್ಪಿಸಿದಂತೆ ಹೇಳಬಲ್ಲಿರಿ. ಸರಿ, ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಯಾರು, ಹೇಳಿ ನೋಡೋಣ? ನಮ್ಮ ಬೆಂಗಳೂರಿನ ಹುಡುಗಿ, ಐಶ್ವರ್ಯಾ ಪಿಸ್ಸೆ!

ಹೆಣ್ಣುಮಕ್ಕಳು ರೇಸಿಗೆ ಇಳಿಯುವುದು ಹೊಸದೇನಲ್ಲ. ಅಮೆರಿಕದ ಶಾರ್ಲೆಟ್ ನಗರದಲ್ಲಿ 1949ರ ಜೂನ್ 19ರಂದು ನಡೆದ ನಾಸ್ಕಾರ್‌ನ ಮೊದಲ ‘ಸ್ಟ್ರಿಕ್ಟ್ಲಿ ಸ್ಟಾಕ್’ ಸ್ಪರ್ಧೆಯಲ್ಲೇ ಸಾರಾ ಕ್ರಿಶ್ಚಿಯನ್ ಎಂಬಾಕೆ ಗಂಡಸರ ನಡುವೆ ಕಾರು ಓಡಿಸಿದ್ದರು. ಅದೇ ವರ್ಷ ಇನ್ನೊಂದು ಸ್ಪರ್ಧೆಯಲ್ಲಿ ಐದನೆಯವರಾಗಿ ಬಂದರು.

ಐಶ್ವರ್ಯಾ ಅವರದು ಕಾರಲ್ಲ, ಮೋಟಾರ್ ಸೈಕಲ್. ಸ್ಪರ್ಧೆಯ ಹೆಸರು ‘ಬಾಹಾ’. ಬರೆಯುವಾಗ ಜೆ ಅಕ್ಷರ ಬಂದರೂ ಸ್ಪ್ಯಾನಿಷ್ ಉಚ್ಚಾರದಲ್ಲಿ ಅದು ‘ಹ’ ಆಗುತ್ತದೆ. ಇಲ್ಲಿ ನುಣುಪಾದ ರಸ್ತೆ ಇಲ್ಲ. ಮರಳು, ಕಲ್ಲು, ಗುಂಡಿ, ಧೂಳು. ದಾರಿಯ ಗುರುತುಗಳಿರುವ ‘ರೋಡ್ ಬುಕ್’ ನೋಡಿಕೊಳ್ಳುತ್ತಲೇ ಗಾಡಿ ಓಡಿಸಬೇಕು. ಕೈಯಲ್ಲಿ ಬಲ ಎಷ್ಟು ಬೇಕೋ ತಲೆಯಲ್ಲಿ ಲೆಕ್ಕವೂ ಅಷ್ಟೇ ಬೇಕು.

2018ರಲ್ಲಿ ಸ್ಪೇನ್ ದೇಶದ ಅರಗಾನ್ ಬಾಹಾದಲ್ಲಿ ಐಶ್ವರ್ಯಾ ಬಿದ್ದರು. ಸಣ್ಣ ಪೆಟ್ಟಲ್ಲ, ಮೇದೋಜೀರಕ ಗ್ರಂಥಿಗೇ ಗಾಯವಾಯಿತು. ‘ಸಾಕಮ್ಮ, ಮನೆಗೆ ಬಾ’ ಎಂದು ಯಾವ ತಾಯಿಯಾದರೂ ಹೇಳುವ ಹೊತ್ತು ಅದು. ನಾನಾದರೂ ಹೇಳುತ್ತಿದ್ದೆ. ಆದರೆ ಮರುವರ್ಷ ಐಶ್ವರ್ಯಾ ಮತ್ತೆ ಗಾಡಿ ಹತ್ತಿದರು.

2019ರ ವಿಶ್ವಕಪ್ಪಿನಲ್ಲಿ ಅವರು ಓಡಿಸಿದ ನಾಲ್ಕು ಸುತ್ತುಗಳ ಲೆಕ್ಕವನ್ನು ಸ್ವಲ್ಪ ನೋಡಿ. ಮಹಿಳೆಯರ ವಿಭಾಗದಲ್ಲಿ ದುಬೈಯಲ್ಲಿ ಮೊದಲ ಸ್ಥಾನ, ಪೋರ್ಚುಗಲ್ಲಿನಲ್ಲಿ ಮೂರನೆಯದು, ಸ್ಪೇನಿನಲ್ಲಿ ಐದನೆಯದು, ಆಗಸ್ಟ್ ತಿಂಗಳಲ್ಲಿ ಹಂಗೇರಿಯಲ್ಲಿ ನಾಲ್ಕನೆಯದು. 25, 16, 11, 13. ಒಟ್ಟು 65 ಅಂಕ. ಪೋರ್ಚುಗಲ್ಲಿನ ರೀಟಾ ವಿಯೇರಾ ಅವರಿಗೆ 61. ಬರೀ ನಾಲ್ಕು ಅಂಕಗಳ ಅಂತರದಲ್ಲಿ, 23ನೇ ವಯಸ್ಸಿನಲ್ಲಿ, ಪ್ರಶಸ್ತಿ ನಮ್ಮ ಹುಡುಗಿಯದಾಯಿತು!

ಗಮನಿಸಿದಿರಾ? ಗೆದ್ದದ್ದು ಒಂದೇ ಸುತ್ತು. ಸ್ಪೇನಿನ ಐದನೆಯ ಸ್ಥಾನ ನೋಡಲು ಏನೂ ಅಲ್ಲ. ಮಾರ್ಕ್ಸ್ ಕಾರ್ಡಿನಲ್ಲಾದರೆ ಅದನ್ನು ಅಪ್ಪನಿಗೆ ತೋರಿಸಲು ಹಿಂಜರಿಯುವಿರಿ. ಆದರೆ ಆ ಸ್ಪೇನ್ ಸುತ್ತು ಯಾವುದು? ಹಿಂದಿನ ವರ್ಷ ಅವರು ಬಿದ್ದ ಅದೇ ಅರಗಾನ್! ಹೆದರಿ ಅದೊಂದನ್ನು ಬಿಟ್ಟಿದ್ದರೆ ಒಟ್ಟು 54 ಆಗಿ, ಪ್ರಶಸ್ತಿ ಕೈತಪ್ಪುತ್ತಿತ್ತು. ಬಿದ್ದ ಜಾಗದಲ್ಲೇ ದುಡಿದ ಆ 11 ಅಂಕಗಳೇ ಅವರನ್ನು ಕಾಪಾಡಿದವು.

‘ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಬಿದ್ದದ್ದನ್ನು ಮುಚ್ಚಿಡುವವರನ್ನು ಕುರಿತ ಮಾತು ಅದು. ಮಣ್ಣಾಗಿದೆ ಎಂದು ಒಪ್ಪಿ, ಕೊಡವಿ ಏಳುವವರಿಗೆ ಮೀಸೆಯ ಚಿಂತೆ ಏಕೆ?

ಹಾಗೆಂದು ನೆಕ್ಲೇಸ್ ರೋಡಿನಲ್ಲಿ ಹೆಲ್ಮೆಟ್ಟಿಲ್ಲದೆ ಗಾಡಿ ಹಾರಿಸಲು ಹೊರಡಬೇಡಿ! ಸಾಹಸ ಬೇರೆ, ಹುಡುಗಾಟ ಬೇರೆ. ಗಣಿತವೋ ಸಂಗೀತವೋ ಈಜೋ, ಒಮ್ಮೆ ಸೋತು ದೂರವಿಟ್ಟ ವಿದ್ಯೆ ನಿಮಗೂ ಒಂದಿರಬಹುದು. ಈ ರಜೆಯಲ್ಲಿ ಅದರ ಬಾಗಿಲನ್ನು ಇನ್ನೊಮ್ಮೆ ತಟ್ಟಿ. ಐದನೆಯವರಾಗಿ ಬಂದರೂ ಅಡ್ಡಿಯಿಲ್ಲ.