ಥೆರಪಿ ಕೊಡುವವರು ಏನು ಕಲಿತಿದ್ದಾರೆ? ಕೇಳಿ ತಿಳಿದುಕೊಳ್ಳಿ

ಮೂರು ವರ್ಷವಾದರೂ ಮಾತು ಬಾರದ ಮಗು, ಹೆಸರು ಕರೆದರೆ ತಿರುಗಿ ನೋಡದ ಮಗು, ಎಷ್ಟು ಕಲಿಸಿದರೂ ಅಕ್ಷರ ತಲೆಗೆ ಹತ್ತದ ಮಗು. ಹಿಂದೆ ಇಂಥ ಮಕ್ಕಳ ಬಗ್ಗೆ ‘ದೊಡ್ಡವನಾದಂತೆ ಸರಿಯಾಗುತ್ತಾನೆ’ ಎಂದು ಹೇಳಿ ಸುಮ್ಮನಿರುತ್ತಿದ್ದರು. ಈಗ ಮಂಗಳೂರಿನ ಹೆತ್ತವರು ಥೆರಪಿಗೆ ಕರೆದುಕೊಂಡು ಹೋಗುತ್ತಾರೆ. ಇದು ಒಳ್ಳೆಯ ಬದಲಾವಣೆ. ಆದರೆ ಒಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದಿಲ್ಲ. ಸಿರಪ್ ಬಾಟಲಿಯ ಮೇಲಿನ ದಿನಾಂಕವನ್ನು ಎರಡು ಸಲ ನೋಡುವ ನಾವು, ವಾರಕ್ಕೆ ಮೂರು ದಿನ ಮಗುವನ್ನು ಯಾರ ಕೈಗೆ ಒಪ್ಪಿಸುತ್ತೇವೋ ಅವರು ಏನು ಕಲಿತಿದ್ದಾರೆ ಎಂದು ವಿಚಾರಿಸುವುದಿಲ್ಲ.

ಥೆರಪಿ ಎಂಬುದು ಒಂದೇ ಕೆಲಸವಲ್ಲ. ಮಾತು, ಭಾಷೆ ಮತ್ತು ಕಿವಿಗೆ ಸಂಬಂಧಿಸಿದ್ದನ್ನು ನೋಡುವವರು ವಾಕ್ ಮತ್ತು ಶ್ರವಣ ತಜ್ಞರು. ಅವರ ಪದವಿ ಬಿಎಎಸ್‌ಎಲ್‌ಪಿ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಪೆನ್ಸಿಲ್ ಹಿಡಿಯಲು, ಗುಂಡಿ ಹಾಕಲು, ಒಂದೆಡೆ ಕುಳಿತು ಕೆಲಸ ಮಾಡಲು ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟ್‌ಗಳು. ಅವರದು ಬೇರೆಯೇ ಪದವಿ. ಓದು, ಬರಹ, ಲೆಕ್ಕ ಕಲಿಸುವ ವಿಶೇಷ ಶಿಕ್ಷಕರಿಗೆ ವಿಶೇಷ ಶಿಕ್ಷಣದ ಡಿ.ಎಡ್. ಅಥವಾ ಬಿ.ಎಡ್. ಇರಬೇಕು. ಮಗುವಿನ ಬುದ್ಧಿಶಕ್ತಿ ಮತ್ತು ಕಲಿಕೆಯ ಪರೀಕ್ಷೆ ಮಾಡುವವರು ಕ್ಲಿನಿಕಲ್ ಸೈಕಾಲಜಿಸ್ಟ್.

ಇದಕ್ಕೆ ಕಾನೂನೂ ಇದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಕಾಯ್ದೆಯ ಪ್ರಕಾರ ವಾಕ್ ಶ್ರವಣ ತಜ್ಞರು, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಹೆಸರು ಕೇಂದ್ರದ ನೋಂದಣಿ ಪುಸ್ತಕದಲ್ಲಿರಬೇಕು. ನೋಂದಣಿಯಿಲ್ಲದೆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಸೆರೆವಾಸ, ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆಕ್ಯುಪೇಷನಲ್ ಥೆರಪಿಸ್ಟ್‌ಗಳು 2021ರಲ್ಲಿ ಬಂದ ಇನ್ನೊಂದು ಕಾಯ್ದೆಯ ವ್ಯಾಪ್ತಿಗೆ ಸೇರುತ್ತಾರೆ. ಹೀಗಿದ್ದರೂ ಕೆಲವು ವಾರಗಳ ಆನ್‌ಲೈನ್ ಕೋರ್ಸ್ ಮಾಡಿ, ಅದರ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ‘ಥೆರಪಿಸ್ಟ್’ ಎಂದು ಬೋರ್ಡ್ ತೂಗುಹಾಕಲು ಯಾರಿಗೂ ಕಷ್ಟವಾಗುತ್ತಿಲ್ಲ.

‘ಪ್ರೀತಿಯಿಂದ ಆಡಿಸಿ ಕಲಿಸುತ್ತಾರಲ್ಲ, ಪದವಿ ಯಾಕೆ?’ ಎಂದು ನೀವು ಕೇಳಬಹುದು. ಪ್ರೀತಿ ಬೇಕು, ಆದರೆ ಅದೊಂದೇ ಸಾಲದು. ಮಾತು ಬಾರದಿರಲು ಕಾರಣ ಒಂದೇ ಅಲ್ಲ. ಕಿವಿ ಕೇಳಿಸದಿರಬಹುದು, ಆಟಿಸಂ ಇರಬಹುದು, ಬುದ್ಧಿಯ ಬೆಳವಣಿಗೆ ನಿಧಾನವಾಗಿರಬಹುದು, ಕೆಲವೊಮ್ಮೆ ಮಾತು ಮಾತ್ರ ತಡವಾಗಿರಬಹುದು. ತರಬೇತಿ ಪಡೆದವರು ಮೊದಲು ಶ್ರವಣ ಪರೀಕ್ಷೆ ಮಾಡಿಸುತ್ತಾರೆ. ತರಬೇತಿ ಇಲ್ಲದವರು ಕಿವಿ ಕೇಳಿಸದ ಮಗುವಿನ ಎದುರು ಕುಳಿತು ತಿಂಗಳುಗಟ್ಟಲೆ ಚಿತ್ರದ ಕಾರ್ಡ್ ತೋರಿಸಿ ‘ಬಾಲ್, ಬಾಲ್’ ಎನ್ನುತ್ತಿರುತ್ತಾರೆ. ಕೊಟ್ಟ ಫೀಸನ್ನು ಮತ್ತೆ ದುಡಿಯಬಹುದು. ಮೆದುಳು ಅತಿ ವೇಗವಾಗಿ ಬೆಳೆಯುವ ಮೊದಲ ಐದು ವರ್ಷ ಕಳೆದುಹೋದರೆ ಮರಳಿ ಬರುವುದಿಲ್ಲ.

ಓದಿನ ವಿಷಯದಲ್ಲೂ ಹಾಗೆಯೇ. ಮದ್ರಸದಲ್ಲಿ ಬಾ, ತಾ, ಸಾ ಅಕ್ಷರಗಳ ಆಕಾರ ಒಂದೇ, ವ್ಯತ್ಯಾಸ ಚುಕ್ಕೆಗಳಲ್ಲಿ ಮಾತ್ರ. ಶಾಲೆಯಲ್ಲಿ ವ ಮತ್ತು ಮ ನೋಡಲು ಅಕ್ಕತಂಗಿಯರಂತಿವೆ. ಎಲ್ಲ ಮಕ್ಕಳೂ ಆರಂಭದಲ್ಲಿ ಇಲ್ಲಿ ಎಡವುತ್ತಾರೆ. ವರ್ಷಗಳು ಕಳೆದರೂ ಎಡವುತ್ತಲೇ ಇರುವ ಮಗುವಿಗೆ ಡಿಸ್ಲೆಕ್ಸಿಯಾ ಇರಬಹುದು. ಅದು ಸೋಮಾರಿತನವೇ, ಕಲಿಕೆಯ ತೊಂದರೆಯೇ ಎಂಬುದು ಪರೀಕ್ಷೆ ಮಾಡಲು ಕಲಿತವರಿಗೆ ತಿಳಿಯುತ್ತದೆ. ಬೆತ್ತಕ್ಕೆ ಅದು ತಿಳಿಯುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಎರಡನ್ನೂ ತನ್ನ 21 ವಿಧಗಳ ಪಟ್ಟಿಯಲ್ಲಿ ಸೇರಿಸಿದೆ.

ನನ್ನ ಕ್ಷೇತ್ರದ ಬಗ್ಗೆಯೂ ಹೇಳಲೇಬೇಕು. ‘ಹಕೀಮರೇ, ಮಗುವಿಗೆ ಮಾತು ಬರಲು ಒಂದು ಖಮೀರಾ ಕೊಡಿ’ ಎಂದು ಕೇಳುವವರಿದ್ದಾರೆ. ಯುನಾನಿ ಪದವಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಬೇಕು. ಮಗುವಿನ ಹಸಿವು, ನಿದ್ರೆ, ಮಲಬದ್ಧತೆಯ ವಿಷಯದಲ್ಲಿ ನಾವು ನೆರವಾಗಬಹುದು. ಆದರೆ ಖಮೀರಾ ಮಾತು ಕಲಿಸುವುದಿಲ್ಲ, ನನ್ನ ಪದವಿ ನನ್ನನ್ನು ವಾಕ್ ಚಿಕಿತ್ಸಕನನ್ನಾಗಿ ಮಾಡುವುದೂ ಇಲ್ಲ. ಯಾವ ಪದ್ಧತಿಯ ವೈದ್ಯರೇ ಆಗಲಿ, ಥೆರಪಿ ಬಿಟ್ಟು ಔಷಧಿ ಮಾತ್ರ ಸಾಕು ಎಂದರೆ ನಂಬಬೇಡಿ.

ಹಾಗಾದರೆ ನೀವು ಏನು ಮಾಡಬೇಕು? ಥೆರಪಿಸ್ಟರ ಪದವಿ ಮತ್ತು ನೋಂದಣಿ ಸಂಖ್ಯೆ ಕೇಳಿ. ಕಲಿತವರಿಗೆ ಅದರಿಂದ ಬೇಸರವಾಗುವುದಿಲ್ಲ. ಮಗುವಿನ ಪರೀಕ್ಷೆಯ ವರದಿ ಮತ್ತು ಮುಂದಿನ ಮೂರು ತಿಂಗಳ ಗುರಿಯನ್ನು ಬರೆದು ಕೊಡಲು ಹೇಳಿ. ಮನೆಯಲ್ಲಿ ಮಾಡಬೇಕಾದ್ದನ್ನು ನಿಮಗೂ ಕಲಿಸುತ್ತಾರೆಯೇ ನೋಡಿ. ಬಾಗಿಲು ಹಾಕಿಕೊಂಡು ತಾಯಿಯನ್ನು ಸದಾ ಹೊರಗೇ ಕೂರಿಸುವ ಕಡೆ ಕಾರಣ ಕೇಳಿ. ಆಟಿಸಂ ‘ಪೂರ್ತಿ ಗುಣ’ ಮಾಡುತ್ತೇವೆ ಎನ್ನುವವರಿಂದ ದೂರವಿರಿ. ಹಣದ ಅಡಚಣೆ ಇದ್ದರೆ ಜಿಲ್ಲಾಸ್ಪತ್ರೆಯಾದ ವೆನ್ಲಾಕ್‌ಗೆ ಹೋಗಿ ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆಗಳ ತಪಾಸಣೆಗೆ ಅವಕಾಶವಿದೆ.

ಕೇಳುವುದರ ಜೊತೆಗೆ ನಾವು ಮಾಡಬೇಕಾದ ಕೆಲಸವೂ ಇದೆ. ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್ ಕೇಳುತ್ತಾರೆ. ಹಲವು ಭಾಷೆ ಕೇಳಿದ್ದರಿಂದ ಮಾತಿನ ತೊಂದರೆ ಬರುವುದಿಲ್ಲ. ಆದರೆ ಉಮ್ಮನ ಭಾಷೆ ಅರಿಯದ ಥೆರಪಿಸ್ಟರಿಗೆ ಮಗು ಹೇಳಿದ್ದು ತಪ್ಪು ಉಚ್ಚಾರವೇ, ಸರಿಯಾದ ಬ್ಯಾರಿ ಪದವೇ ಎಂದು ಗೊತ್ತಾಗುವುದು ಹೇಗೆ? ಅಜ್ಜಿಗೆ ಮನೆಪಾಠ ವಿವರಿಸುವುದು ಹೇಗೆ? ಬ್ಯಾರಿ ಭಾಷೆಗೆ ಸಾಹಿತ್ಯ ಅಕಾಡೆಮಿ ಇದೆ. ಬ್ಯಾರಿ ಬಲ್ಲ ಥೆರಪಿಸ್ಟರೂ ನಮಗೆ ಬೇಕು.

ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಂಗಳೂರಿನಲ್ಲೇ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ ಸಂಸ್ಥೆಗಳಲ್ಲಿ ವಾಕ್ ಶ್ರವಣದ ಪದವಿ ಕಲಿಸುತ್ತಾರೆ. ವಿಜ್ಞಾನ ಓದಿ ಪಿಯುಸಿ ಮುಗಿಸಿದ ಮಗಳಿಗೆ ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಮನೆಯವರು ಕೊರಗುವಾಗ ಈ ದಾರಿಯ ನೆನಪು ಯಾರಿಗೂ ಬರುವುದಿಲ್ಲ. ಪ್ರತಿ ವರ್ಷ ವಿದ್ಯಾರ್ಥಿವೇತನ ಹಂಚುವ ಜಮಾಅತ್‌ಗಳು, ಟ್ರಸ್ಟ್‌ಗಳು ವಾಕ್ ಚಿಕಿತ್ಸೆ, ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಣ ಓದುವವರಿಗಾಗಿ ಎರಡು ಸೀಟಿನ ಖರ್ಚನ್ನಾದರೂ ತೆಗೆದಿಡಲಿ. ಇಂದು ಕಾಲೇಜಿಗೆ ಸೇರುವ ಹುಡುಗಿ ನಾಲ್ಕು ವರ್ಷದಲ್ಲಿ ಕೆಲಸ ಆರಂಭಿಸುತ್ತಾಳೆ. ಅಷ್ಟರೊಳಗೆ ಹುಟ್ಟುವ ಮಕ್ಕಳಲ್ಲಿ ಅವಳಿಗಾಗಿ ಕಾಯುವವರು ಖಂಡಿತ ಇರುತ್ತಾರೆ.